ಚಿತ್ರ ಪಕ್ಕಕ್ಕೆ, ಪುಟ ಪಾತಾಳಕ್ಕೆ: ಬಳ್ಳಾರಿಯ ಸೀಸದ ಮೊಳೆಯಿಂದ ಮೊಬೈಲ್ ಪರದೆಯವರೆಗೆ

ಇವತ್ತಿನ ಸಂಚಿಕೆಯೂ ಇತಿಹಾಸದ್ದೇ. ಆದರೆ ಇದರಲ್ಲಿ ರಾಜರಿಲ್ಲ, ಯುದ್ಧ ಇಲ್ಲ, ಕೋಟೆ ಇಲ್ಲ. ನೀವು ದಿನಾ ಬೆರಳಲ್ಲಿ ಮೇಲಕ್ಕೆ ತಳ್ಳುತ್ತೀರಲ್ಲ, ಆ ವೆಬ್ ಪುಟದ ಇತಿಹಾಸ. ಅದರಲ್ಲೂ ಒಂದೇ ಒಂದು ಪದದ್ದು. ಆ ಪದ ಫ್ಲೋಟ್.

ಒಂದು ಅನುಭವ ನಿಮಗೆಲ್ಲ ಆಗಿರ್ತದೆ. ಯಾವುದೋ ಕನ್ನಡ ಪುಟ ತೆರೀತೀರಿ. ಬಲಗಡೆ ಇರಬೇಕಾದ ಪಟ್ಟಿ ಪುಟದ ತಳಕ್ಕೆ ಬಿದ್ದಿರ್ತದೆ. ಒಂದು ಸುದ್ದಿಯ ಶೀರ್ಷಿಕೆ ಇನ್ನೊಂದು ಸುದ್ದಿಯ ಫೋಟೊ ಪಕ್ಕ ಹೋಗಿ ಸಿಕ್ಕಿಕೊಂಡಿರ್ತದೆ. ಬಣ್ಣದ ಹಿನ್ನೆಲೆ ಅರ್ಧಕ್ಕೇ ನಿಂತಿರ್ತದೆ. ನಾವು ಏನು ಮಾಡ್ತೀವಿ? ಫೋನ್ ಹಳೇದಾಯ್ತು ಅಂತೀವಿ, ಇಲ್ಲಾ ನೆಟ್‌ವರ್ಕ್‌ಗೆ ಬೈತೀವಿ. ಪಾಪ, ಎಷ್ಟೋ ಸಲ ಎರಡರದ್ದೂ ತಪ್ಪಿರೋದಿಲ್ಲ. ಒಂದು ಚಿಕ್ಕ ಕೆಲಸಕ್ಕೆ ಅಂತ ಹುಟ್ಟಿದ ನಿಯಮದ ತಲೆ ಮೇಲೆ ಇಡೀ ಪುಟದ ಭಾರ ಹೊರಿಸಿದ್ದರ ಫಲ ಅದು.

ನಾನು ಮೋಕದವಳು. ಬಳ್ಳಾರಿ ಕಡೆ ಹಗರಿ ಹೊಳೆ ಪಕ್ಕದಲ್ಲಿ ಸಿಗೋ ಊರು. ವೆಬ್ ಪುಟ ಕಟ್ಟೋದು ನನ್ನ ಕೆಲಸ. ಈ ಫ್ಲೋಟ್ ಕಥೆಯನ್ನು ಅಮೆರಿಕದಿಂದ ಶುರು ಮಾಡೋದು ರೂಢಿ. ನಾನು ಬಳ್ಳಾರಿಯಿಂದಲೇ ಶುರು ಮಾಡ್ತೀನಿ. ಯಾಕೆ ಅಂತ ನಿಮಗೇ ಗೊತ್ತಾಗ್ತದೆ.

ಖಾಲಿ ಜಾಗಕ್ಕೂ ತೂಕ ಇದ್ದ ಕಾಲ

ಜುಲೈ 1 ಬಂತು ಅಂದರೆ ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ. 1843ರ ಜುಲೈ 1ರಂದು ಮಂಗಳೂರಲ್ಲಿ ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಇದು ಶಾಲೆ ಪುಸ್ತಕದಲ್ಲೇ ಬರ್ತದೆ. ಮುಂದಿನದು ಅಷ್ಟಾಗಿ ಯಾರೂ ಹೇಳೋದಿಲ್ಲ. ಮಂಗಳೂರಲ್ಲಿ ಅದು ಕಲ್ಲಚ್ಚಿನಲ್ಲಿ ಅಚ್ಚಾಗ್ತಿತ್ತು. 1844ರಲ್ಲಿ ಪತ್ರಿಕೆ ನಮ್ಮ ಬಳ್ಳಾರಿಗೆ ಬಂತು, 'ಕಂನಡ ಸಮಾಚಾರ' ಅಂತ ಹೆಸರು ಬದಲಾಯಿಸಿಕೊಂಡಿತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಇಲ್ಲಿ ಲಂಡನ್ ಮಿಷನ್ನಿನವರ ಅಚ್ಚುಕೂಟ ಇತ್ತು, ಸೀಸದ ಮೊಳೆಗಳಿದ್ದವು.

ಕಲ್ಲಚ್ಚಿಗೂ ಮೊಳೆ ಅಚ್ಚಿಗೂ ಏನು ವ್ಯತ್ಯಾಸ? ಕಲ್ಲಚ್ಚಿನಲ್ಲಿ ಇಡೀ ಪುಟವನ್ನು ಕೈಯಲ್ಲಿ ಬರೆದು ಅದನ್ನು ಕಲ್ಲಿಗೆ ಇಳಿಸ್ತಾರೆ. ಪುಟ ಅನ್ನೋದು ಒಂದು ಚಿತ್ರ ಇದ್ದ ಹಾಗೆ. ಮೊಳೆ ಅಚ್ಚಿನಲ್ಲಿ ಒಂದೊಂದು ಅಕ್ಷರವೂ ಬೇರೆ ಬೇರೆ ಸೀಸದ ತುಂಡು. ಅದನ್ನು ಸಾಲಾಗಿ ಜೋಡಿಸಿ, ಸಾಲನ್ನು ಕಾಲಂ ಮಾಡಿ, ಕಾಲಂ ಸೇರಿಸಿ ಪುಟ ಕಟ್ಟಬೇಕು. ಕನ್ನಡಕ್ಕಂತೂ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಇಂಗ್ಲಿಷಿಗಿಂತ ಬಹಳ ಹೆಚ್ಚು ಮೊಳೆ ಬೇಕು.

ಈಗ ಮೊಳೆ ಅಚ್ಚಿನ ಪುಟದಲ್ಲಿ ಎಡಗಡೆ ಒಂದು ಚಿತ್ರದ ಬ್ಲಾಕ್ ಇಡಬೇಕು, ಅದರ ಪಕ್ಕದಲ್ಲೇ ಅಕ್ಷರ ಹರಿಯಬೇಕು ಅಂದುಕೊಳ್ರಿ. ಮೊಳೆ ಜೋಡಿಸೋರು ಬ್ಲಾಕ್ ಎಷ್ಟು ಎತ್ತರ ಇದೆಯೋ ಅಷ್ಟು ಸಾಲುಗಳನ್ನು ಗಿಡ್ಡ ಅಳತೆಯಲ್ಲಿ ಜೋಡಿಸ್ತಾರೆ. ಬ್ಲಾಕ್ ಮುಗಿದ ಮೇಲೆ ಮತ್ತೆ ಪೂರ್ತಿ ಅಗಲ. ಇನ್ನೊಂದು ಮುಖ್ಯ ವಿಷಯ: ಅಕ್ಷರ ಇಲ್ಲದ ಕಡೆಯೂ ಅವರು ಮರದ ತುಂಡೋ, ಸೀಸದ ತುಂಡೋ ತುಂಬಿಸಲೇಬೇಕು. ಆಮೇಲೆ ಕಬ್ಬಿಣದ ಚೌಕಟ್ಟಿನಲ್ಲಿ ಎಲ್ಲವನ್ನೂ ಬಿಗೀತಾರೆ. ಒಂದು ಕಡೆ ಖಾಲಿ ಬಿಟ್ಟರೆ ಇಡೀ ಪುಟ ಸಡಿಲಾಗಿ ಮೊಳೆ ಉದುರ್ತದೆ. ಅಂದರೆ ಆ ಕಾಲದಲ್ಲಿ ಖಾಲಿ ಜಾಗಕ್ಕೂ ತೂಕ ಇತ್ತು. ಚೌಕಟ್ಟಿಗೆ ಒಳಗಿನ ಪ್ರತಿ ತುಂಡಿನ ಅಳತೆಯೂ ಲೆಕ್ಕಕ್ಕೆ ಬರ್ತಿತ್ತು.

ಈ ಮಾತು ನೆನಪಿಟ್ಟುಕೊಳ್ರಿ. ಯಾಕಂದ್ರೆ ನೂರೈವತ್ತು ವರ್ಷ ಆದಮೇಲೆ ವೆಬ್ ಬಂದಾಗ ತಪ್ಪಿಹೋದದ್ದು ಇದೇ ಲೆಕ್ಕ.

ಬಂಡೆ ಸುತ್ತ ನೀರು

1991ರಲ್ಲಿ ಟಿಮ್ ಬರ್ನರ್ಸ್-ಲೀ ಅವರ ಮೊದಲ ವೆಬ್ ಪುಟ ಜಗತ್ತಿಗೆ ತೆರೆದುಕೊಂಡಿತು. ಬರೀ ಅಕ್ಷರ, ಲಿಂಕು, ಅಷ್ಟೇ. 1993ರಲ್ಲಿ ಮೊಸಾಯಿಕ್ ಬ್ರೌಸರ್ ಬಂದು ಅಕ್ಷರದ ನಡುವೆ ಚಿತ್ರ ತೋರಿಸಿತು. ಆದರೆ ಅದರಲ್ಲಿ ಚಿತ್ರ ಅಂದರೆ ಒಂದು ದೊಡ್ಡ ಅಕ್ಷರ ಇದ್ದ ಹಾಗೆ. ಸಾಲಿನೊಳಗೇ ಕೂರ್ತಿತ್ತು, ಪಕ್ಕದಲ್ಲಿ ಒಂದೇ ಸಾಲು ನಿಲ್ತಿತ್ತು, ಉಳಿದ ಜಾಗ ಬಿಳಿ ಬಿಳಿ. 1994ರ ಕೊನೆಗೆ ಬಂದ ನೆಟ್‌ಸ್ಕೇಪ್ ಬ್ರೌಸರ್ ಚಿತ್ರವನ್ನು ಎಡಕ್ಕೋ ಬಲಕ್ಕೋ ಸರಿಸಿ, ಪಕ್ಕದಲ್ಲಿ ಹಲವು ಸಾಲು ಹರಿಯೋ ಹಾಗೆ ಮಾಡಿತು. ನಮ್ಮ ಅಚ್ಚುಕೂಟದ ಗಿಡ್ಡ ಸಾಲಿನ ಉಪಾಯವೇ ಅದು, ಪರದೆ ಮೇಲೆ.

ಅದೇ 1994ರ ಅಕ್ಟೋಬರ್ 10ರಂದು ನಾರ್ವೆಯ ಹಾಕೊನ್ ವಿಯುಮ್ ಲೀ ಒಂದು ಪ್ರಸ್ತಾವ ಮುಂದಿಟ್ಟರು. ವಿಷಯ ಒಂದು ಕಡೆ ಇರಲಿ, ಅದರ ಅಲಂಕಾರ ಬೇರೆ ಕಡೆ ಇರಲಿ ಅನ್ನೋದು ಅದರ ತಿರುಳು. ಅದೇ ಸಿಎಸ್‌ಎಸ್ ಆಯಿತು. 1996ರ ಡಿಸೆಂಬರ್ 17ರಂದು ಅದರ ಮೊದಲ ಆವೃತ್ತಿ ಅಧಿಕೃತವಾಗಿ ಹೊರಬಂತು. ಫ್ಲೋಟ್ ಅದರಲ್ಲೇ ಇತ್ತು. ಅದರ ಜೊತೆಗಾರ ಕ್ಲಿಯರ್ ಕೂಡ ಇತ್ತು.

ಇವೆರಡೂ ಏನು ಮಾಡ್ತವೆ ಅಂತ ನಮ್ಮೂರ ಹೊಳೆ ನೋಡಿದರೆ ತಿಳೀತದೆ. ಹಗರಿಯಲ್ಲಿ ನೀರು ಬಂದಾಗ ಒಂದು ಬಂಡೆ ಎಡದಂಡೆಗೆ ಆತುಕೊಂಡಿದೆ ಅಂತಿಟ್ಕೊಳ್ರಿ. ನೀರು ಅದರ ಪಕ್ಕದಿಂದ ಇಕ್ಕಟ್ಟಾಗಿ ಹರೀತದೆ, ಬಂಡೆ ದಾಟಿದ ಮೇಲೆ ಮತ್ತೆ ಅಗಲ ಆಗ್ತದೆ. ಬಂಡೆ ಅಂದರೆ ಫ್ಲೋಟ್ ಮಾಡಿದ ಚಿತ್ರ. ನೀರು ಅಂದರೆ ನಿಮ್ಮ ಅಕ್ಷರ. ಕ್ಲಿಯರ್ ಅಂದರೆ, 'ನೀನು ಬಂಡೆ ಪಕ್ಕ ಹರಿಯಬೇಡ, ಬಂಡೆ ಪೂರ್ತಿ ದಾಟಿದ ಮೇಲೆ ಶುರು ಆಗು' ಅಂತ ಹೇಳೋದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೂರು ಸಾಲಿನ ಒಂದು ಪ್ಯಾರಾದಲ್ಲಿ ಹತ್ತು ಸಾಲು ಎತ್ತರದ ಚಿತ್ರ ಇಟ್ಟರೆ ಏನಾಗಬೇಕು? ಚಿತ್ರ ಮುಗಿಯೋವರೆಗೂ ಪ್ಯಾರಾ ಹಿಗ್ಗಿದರೆ ಕೆಳಗೆ ಏಳು ಸಾಲಿನ ಬಿಳಿ ಗುಂಡಿ ಬೀಳ್ತದೆ. ಅದಕ್ಕೇ ನಿಯಮ ಮಾಡಿದವರು ಬೇಕಂತಲೇ ಹೀಗೆ ಅಂದರು: ಪ್ಯಾರಾ ತನ್ನ ಮೂರು ಸಾಲಿಗೇ ಮುಗಿಯಲಿ, ಚಿತ್ರ ಕೆಳಗೆ ಇಳಿದಿರಲಿ, ಮುಂದಿನ ಪ್ಯಾರಾ ಬಂದು ಅದರ ಪಕ್ಕ ಹರಿಯಲಿ. ಅಂದರೆ ತನ್ನೊಳಗಿನ ಫ್ಲೋಟ್‌ನ ಎತ್ತರವನ್ನು ಪೆಟ್ಟಿಗೆ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಒಂದು ಲೇಖನ, ಒಂದು ಫೋಟೊ ಇದ್ದಾಗ ಇದು ಸರಿಯಾದ ನಿಯಮವೇ. ತಕರಾರು ಶುರುವಾದದ್ದು ಆಮೇಲೆ.

ಚಿತ್ರದ ಕೆಲಸದವನಿಗೆ ಮನೆ ಕಟ್ಟೋ ಗುತ್ತಿಗೆ

ತೊಂಬತ್ತರ ದಶಕದ ಕೊನೆಗೆ ಎಲ್ಲರಿಗೂ ಪತ್ರಿಕೆ ಥರದ ಪುಟ ಬೇಕಾಯಿತು. ಎಡಕ್ಕೆ ವಿಭಾಗಗಳ ಪಟ್ಟಿ, ನಡುವೆ ಸುದ್ದಿ, ಬಲಕ್ಕೆ ಜಾಹೀರಾತು. ಸಿಎಸ್‌ಎಸ್‌ನಲ್ಲಿ ಅದಕ್ಕೆ ಅಂತ ಸಾಧನವೇ ಇರಲಿಲ್ಲ. ಮೊದಲು ಜನ ಟೇಬಲ್ ಬಳಸಿದರು. ಅಂಕಿ ಅಂಶ ತೋರಿಸೋ ಕೋಷ್ಟಕದೊಳಗೆ ಇಡೀ ಪುಟ ತುಂಬಿದರು, ಕೋಷ್ಟಕದೊಳಗೆ ಕೋಷ್ಟಕ, ಅದರೊಳಗೆ ಇನ್ನೊಂದು. ಜಾಗ ಬಿಡೋಕೆ ಕಣ್ಣಿಗೆ ಕಾಣದ ಚಿತ್ರದ ತುಂಡುಗಳನ್ನು ಇಡ್ತಿದ್ದರು. ನೋಡ್ರಿ, ಅದು ಅಚ್ಚುಕೂಟದ ಸೀಸದ ತುಂಡೇ, ಬೇರೆ ವೇಷದಲ್ಲಿ.

ಟೇಬಲ್ ಪುಟ ಭಾರ, ತಿದ್ದೋದು ಕಷ್ಟ. 1998ರಲ್ಲಿ ಶುರುವಾದ ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್‌ನವರು 'ಎಲ್ಲ ಬ್ರೌಸರೂ ಒಂದೇ ನಿಯಮ ಪಾಲಿಸಲಿ' ಅಂತ ಹಟ ಹಿಡಿದರು. 2003ರಲ್ಲಿ ಡೇವ್ ಶೇ ಅವರ 'ಸಿಎಸ್‌ಎಸ್ ಝೆನ್ ಗಾರ್ಡನ್' ಬಂತು. ಒಂದೇ ಬರಹಕ್ಕೆ ಬೇರೆ ಬೇರೆ ಸಿಎಸ್‌ಎಸ್ ತೊಡಿಸಿದರೆ ಪುಟದ ರೂಪವೇ ಹೇಗೆ ಬದಲಾಗ್ತದೆ ಅಂತ ತೋರಿಸಿಕೊಟ್ಟಿತು. ಟೇಬಲ್ ಬಿಡೋಣ ಅಂತ ಎಲ್ಲರೂ ಒಪ್ಪಿದರು. ಬದಲಿಗೆ ಏನು? ಒಂದರ ಪಕ್ಕ ಒಂದನ್ನು ಇಡಬಲ್ಲ ಸಾಧನ ಅಂತ ಮುಖ್ಯವಾಗಿ ಕೈಗೆ ಸಿಕ್ಕಿದ್ದು ಫ್ಲೋಟ್. ಪಟ್ಟಿಯನ್ನು ಎಡಕ್ಕೆ ಫ್ಲೋಟ್ ಮಾಡು, ಸುದ್ದಿಯನ್ನೂ ಫ್ಲೋಟ್ ಮಾಡು, ಜಾಹೀರಾತನ್ನೂ ಮಾಡು. ಹೊಳೆಯಲ್ಲಿ ನೀರೇ ಇಲ್ಲ, ಬರೀ ಬಂಡೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಮನೆ ಕಟ್ಟಿದ ಹಾಗೆ.

ಇದರಿಂದ ಮೂರು ಕಾಯಿಲೆ ಬಂದವು. ಸುಮಾರು ಹದಿನೈದು ವರ್ಷ ಜಗತ್ತಿನ ವೆಬ್ ಕೆಲಸಗಾರರೆಲ್ಲ ಈ ಮೂರಕ್ಕೆ ಮದ್ದು ಅರೆದರು.

ಮೊದಲನೇ ಕಾಯಿಲೆ, ಪೆಟ್ಟಿಗೆ ಕುಸಿಯೋದು. ಒಳಗಿರೋದೆಲ್ಲ ಫ್ಲೋಟ್ ಆದರೆ, ಆಗಲೇ ಹೇಳಿದ ನಿಯಮದ ಪ್ರಕಾರ ಪೆಟ್ಟಿಗೆಯ ಎತ್ತರ ಸೊನ್ನೆ. ಹಿನ್ನೆಲೆ ಬಣ್ಣ ಮಾಯ. ಪುಟದ ಅಡಿಬರಹ ಮೇಲಕ್ಕೆ ಏರಿ ಸುದ್ದಿ ಪಕ್ಕ ಬಂದು ಕೂರ್ತದೆ. ಅಚ್ಚುಕೂಟದಲ್ಲಿ ಇಂಥದ್ದು ಆಗೋಕೆ ಸಾಧ್ಯವೇ ಇರಲಿಲ್ಲ, ಅಲ್ಲಿ ಚೌಕಟ್ಟು ಪ್ರತಿ ತುಂಡನ್ನೂ ಹಿಡಿದಿರ್ತಿತ್ತು. ಮದ್ದು? ಮೊದಮೊದಲು ಪೆಟ್ಟಿಗೆಯ ಕೊನೆಗೆ ಒಂದು ಖಾಲಿ ತುಂಡು ಇಟ್ಟು ಅದಕ್ಕೆ ಕ್ಲಿಯರ್ ಹಾಕ್ತಿದ್ದರು. ಆ ತುಂಡು ಎಲ್ಲ ಬಂಡೆ ದಾಟಿ ಕೆಳಗೆ ಕೂರಬೇಕು, ಪೆಟ್ಟಿಗೆ ಅದನ್ನು ಹಿಡಿಯೋಕೆ ಹಿಗ್ಗಬೇಕು. 2004ರಲ್ಲಿ ಟೋನಿ ಆಸ್ಲೆಟ್ ಅವರ ಉಪಾಯ ಪ್ರಸಿದ್ಧಿಗೆ ಬಂತು. ಆ ಖಾಲಿ ತುಂಡನ್ನು ಬರಹದಲ್ಲಿ ಇಡೋದು ಬೇಡ, ಸಿಎಸ್‌ಎಸ್‌ನಿಂದಲೇ ಹುಟ್ಟಿಸೋಣ ಅಂತ. ಅದೇ ಕ್ಲಿಯರ್‌ಫಿಕ್ಸ್. 2011ರಲ್ಲಿ ನಿಕೊಲಸ್ ಗ್ಯಾಲಗರ್ ಅದನ್ನು ನಾಲ್ಕಾರು ಸಾಲಿಗೆ ಇಳಿಸಿದರು. ಇನ್ನೊಂದು ಒರಟು ಮದ್ದು, ಪೆಟ್ಟಿಗೆಗೆ 'ಓವರ್‌ಫ್ಲೋ ಹಿಡನ್' ಅಂತ ಹಾಕೋದು. ಆಗಲೂ ಪೆಟ್ಟಿಗೆ ಫ್ಲೋಟ್‌ಗಳನ್ನು ಲೆಕ್ಕಕ್ಕೆ ತಗೊಳ್ತದೆ. ಆದರೆ ಪೆಟ್ಟಿಗೆ ಮೀರಿ ಹೊರಗೆ ಬಂದದ್ದನ್ನು ಕತ್ತರಿಸಿಬಿಡ್ತದೆ. ಈ ಕತ್ತರಿಯ ಕಥೆ ಮುಂದೆ ಬರ್ತದೆ.

ಎರಡನೇ ಕಾಯಿಲೆ, ಕಾಲಂ ಬೀಳೋದು. ಮೂರು ಕಾಲಂಗಳ ಅಗಲ ಒಟ್ಟು ಪುಟದ ಅಗಲ ಮೀರಬಾರದು. ಒಂದು ಚುಕ್ಕಿ ಮೀರಿದರೂ ಮೂರನೇದು ಧೊಪ್ ಅಂತ ಕೆಳಗೆ. ಒಂದು ಲೆಕ್ಕ ನೋಡ್ರಿ. ಪುಟ 960 ಪಿಕ್ಸೆಲ್. ಎಡದ ಕಾಲಂ 190, ಅದರ ಎಡಕ್ಕೆ ಬಿಟ್ಟ ಜಾಗ 10, ನಡುವಿನದು 560, ಬಲದ್ದು 200. ಕೂಡಿಸಿದರೆ ಸರಿಯಾಗಿ 960. ಆದರೆ 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ಒಂದು ದೋಷ ಇತ್ತು. ಎಡಕ್ಕೆ ಫ್ಲೋಟ್ ಮಾಡಿದ ಮೊದಲ ಕಾಲಂನ ಎಡದ ಜಾಗವನ್ನು ಅದು ದುಪ್ಪಟ್ಟು ಮಾಡ್ತಿತ್ತು. 10 ಹೋಗಿ 20. ಒಟ್ಟು 970. ಬಲದ ಕಾಲಂ ಪಾತಾಳಕ್ಕೆ. ಮದ್ದು ಏನು ಗೊತ್ತಾ? ಆ ಕಾಲಂಗೆ 'ಡಿಸ್‌ಪ್ಲೇ ಇನ್‌ಲೈನ್' ಅಂತ ಬರೆಯೋದು. ಫ್ಲೋಟ್‌ಗೆ ಅದರಿಂದ ಏನೂ ಆಗಬಾರದು, ಬೇರೆ ಬ್ರೌಸರ್‌ಗಳಲ್ಲಿ ಏನೂ ಆಗ್ತಿರಲಿಲ್ಲ, ಎಕ್ಸ್‌ಪ್ಲೋರರ್ ಮಾತ್ರ ಸುಧಾರಿಸಿಕೊಳ್ತಿತ್ತು. ಮಂತ್ರ ಹಾಕಿದ ಹಾಗೆ. ಮುಂದಿನ ಆವೃತ್ತಿ ಬಂದದ್ದು 2006ರಲ್ಲಿ. ಐದು ವರ್ಷ ಮಂತ್ರ ಪಠಣ.

ಮೂರನೇ ಕಾಯಿಲೆ, ಸಿಕ್ಕಿಹಾಕಿಕೊಳ್ಳೋದು. ಆರು ಸುದ್ದಿ ಚೌಕಗಳನ್ನು ಮೂರು ಮೂರರಂತೆ ಎರಡು ಸಾಲಲ್ಲಿ ಇಡಬೇಕು. ಮೊದಲನೇ ಚೌಕದ ಶೀರ್ಷಿಕೆ ಮೂರು ಸಾಲು, ಉಳಿದವು ಎರಡು. ಮೊದಲ ಚೌಕ ಸ್ವಲ್ಪ ಉದ್ದ ಆಯ್ತು. ನಾಲ್ಕನೇ ಚೌಕ ಎಡಕ್ಕೆ ಜರುಗುವಾಗ ಅದಕ್ಕೆ ಎಡವಿ ಅಲ್ಲೇ ನಿಲ್ತದೆ. ಎಡಗಡೆ ದೊಡ್ಡ ಖಾಲಿ ಗುಂಡಿ. ಇದಕ್ಕೆ ಪ್ರತಿ ಸಾಲಿನ ಮೊದಲ ಚೌಕಕ್ಕೆ ಕ್ಲಿಯರ್ ಹಾಕಬೇಕು, ಇಲ್ಲವಾದರೆ ಎಲ್ಲ ಚೌಕಕ್ಕೂ ಒಂದೇ ಎತ್ತರ ಕೊಡಬೇಕು. ಎತ್ತರ ಕೊಡೋದು ಸುಲಭ. ಅದಕ್ಕೇ ಬಹಳ ಜನ ಅದನ್ನೇ ಮಾಡಿದರು. ಕನ್ನಡಕ್ಕೆ ಪೆಟ್ಟು ಬಿದ್ದದ್ದು ಅಲ್ಲೇ.

ಕನ್ನಡ ಬಂದಾಗ

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಮರುವರ್ಷವೇ, 1996ರಲ್ಲಿ, ಯು.ಬಿ. ಪವನಜ ಅವರು 'ವಿಶ್ವ ಕನ್ನಡ' ಅನ್ನೋ ಅಂತರಜಾಲ ಪತ್ರಿಕೆ ಶುರು ಮಾಡಿದರು. ಆಗಿನ ಕನ್ನಡಕ್ಕೆ ಅಕ್ಷರ ಕಾಣಿಸೋದೇ ದೊಡ್ಡ ಸಾಹಸ. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಆದರೆ ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಚಿಹ್ನೆಗಳ ಚಿತ್ರಾನ್ನ ಕಾಣ್ತಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇತ್ತು. ವಿಂಡೋಸ್ ಎಕ್ಸ್‌ಪಿಯ ಜೊತೆ 'ತುಂಗಾ' ಫಾಂಟ್ ಬಂದ ಮೇಲೆ ಅದು ನಮ್ಮ ಜನರ ಕಣ್ಣಿಗೆ ಬಿತ್ತು. ಅದಕ್ಕೂ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕಬೇಕಿತ್ತು, ಸಿ.ಡಿ. ತುರುಕಬೇಕಿತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು.

ಕಾಲ ನೋಡ್ರಿ. ಕನ್ನಡ ಯೂನಿಕೋಡ್ ಪುಟಗಳು ಹುಟ್ಟೋದಕ್ಕೂ ಫ್ಲೋಟ್ ಮೇಲೆ ಪುಟ ಕಟ್ಟೋ ಕಾಲ ಶುರುವಾಗೋದಕ್ಕೂ ಒಂದೇ ಸಮಯ. ಹಾಗಾಗಿ ನಮ್ಮ ಪುಟಗಳು ಹುಟ್ಟಿದ್ದೇ ಫ್ಲೋಟ್ ಮೇಲೆ. ಆದರೆ ಅಳತೆಗಳು ಇಂಗ್ಲಿಷಿನವು.

ಇಂಗ್ಲಿಷಿನಲ್ಲಿ 'ವಿತ್ ದ ಕಲೆಕ್ಟರ್' ಅಂದರೆ ಮೂರು ಪದ, ಎರಡು ಕಡೆ ಸಾಲು ಮುರೀಬಹುದು. ಕನ್ನಡದಲ್ಲಿ 'ಜಿಲ್ಲಾಧಿಕಾರಿಗಳೊಂದಿಗೆ' ಒಂದೇ ಪದ. ವಿಭಕ್ತಿ, ಬಹುವಚನ ಎಲ್ಲ ಪದದ ಬೆನ್ನಿಗೇ ಅಂಟ್ತವೆ. ಬ್ರೌಸರ್ ಸಾಮಾನ್ಯವಾಗಿ ಪದಗಳ ನಡುವಿನ ಖಾಲಿ ಜಾಗದಲ್ಲೇ ಸಾಲು ಮುರಿಯೋದು. ಇಕ್ಕಟ್ಟಾದ ಕಾಲಂನಲ್ಲಿ ಇಂಥ ಪದ ಬಂದರೆ ಅದಕ್ಕೆ ಹೋಗೋಕೆ ಜಾಗ ಇಲ್ಲ. ಒಳ್ಳೆ ಬ್ರೌಸರಿನಲ್ಲಾದರೆ ಪದ ಗೆರೆ ದಾಟಿ ಪಕ್ಕದ ಕಾಲಂ ಮೇಲೆ ಚಾಚ್ತದೆ. ಎಕ್ಸ್‌ಪ್ಲೋರರ್ 6ರಲ್ಲಿ ಇನ್ನೂ ಅನಾಹುತ. ಪದ ಹಿಡಿಸೋಕೆ ಅದು ಕಾಲಂ ಅನ್ನೇ ಹಿಗ್ಗಿಸ್ತಿತ್ತು. ಹಿಗ್ಗಿದ ತಕ್ಷಣ ಒಟ್ಟು ಅಗಲ ಮೀರ್ತು, ಪಕ್ಕದ ಕಾಲಂ ಬಿತ್ತು. ಒಂದು ಉದ್ದ ಪದ ಸಾಕು, ಇಡೀ ಪುಟ ಬೀಳಿಸೋಕೆ.

ಎತ್ತರದ್ದು ಇನ್ನೊಂದು ಗೋಳು. 'ರಾಷ್ಟ್ರ' ಅಂತ ಬರೆದರೆ ಒತ್ತಕ್ಷರ ಸಾಲಿನ ಕೆಳಗೆ ಇಳೀತದೆ. 'ಸ್ತ್ರೀ' ಅಂದರೂ ಅದೇ. ಇಂಗ್ಲಿಷಿಗೆ ಸಾಕಾಗೋ ಸಾಲಿನ ಎತ್ತರ ಕನ್ನಡಕ್ಕೆ ಸಾಲದು. ಸಾಲು ಎತ್ತರ ಆದಷ್ಟೂ ಚೌಕ ಉದ್ದ ಆಗ್ತದೆ, ಚೌಕ ಉದ್ದ ಆದಷ್ಟೂ ಮೂರನೇ ಕಾಯಿಲೆ ಜೋರು.

ಇದು ಬರೀ ಅಂದಚಂದದ ಮಾತು ಅಂದುಕೋಬೇಡ್ರಿ. ನಮ್ಮ ಓಣಿಯ ಹುಡುಗಿಯೊಬ್ಬಳು ಒಮ್ಮೆ ಫೋನ್ ಹಿಡ್ಕೊಂಡು ನಮ್ಮನೆಗೆ ಬಂದಳು. 'ಅಕ್ಕಾ, ಎಲ್ಲಾ ತುಂಬಿದೀನಿ, ಕಳಿಸೋದು ಎಲ್ಲಿ ಐತೋ ಸಿಗವಲ್ದು' ಅಂದಳು. ವಿದ್ಯಾರ್ಥಿಗಳು ತುಂಬಬೇಕಾದ ಒಂದು ಅರ್ಜಿ. ಯಾರದ್ದು ಅನ್ನೋದು ಇಲ್ಲಿ ಬೇಡ. ಕೊನೆ ದಿನ ಹತ್ತಿರ ಇತ್ತು. ಕೆಳಗಿನವರೆಗೂ ತಳ್ಳಿದರೂ 'ಸಲ್ಲಿಸಿ' ಬಟನ್ ಇಲ್ಲ. ಮೇಲೆ ಹೋಗಿ ಭಾಷೆಯನ್ನು ಇಂಗ್ಲಿಷ್ ಮಾಡಿದೆ. ಬಟನ್ ಪ್ರತ್ಯಕ್ಷ. ಮತ್ತೆ ಕನ್ನಡ ಮಾಡಿದೆ. ಮಾಯ. ಒಳಗೆ ಇಣುಕಿ ನೋಡಿದರೆ, ಫ್ಲೋಟ್ ಮಾಡಿದ ಎರಡು ಕಾಲಂ, ಅವನ್ನು ಹಿಡಿಯೋಕೆ ಒಂದು ಪೆಟ್ಟಿಗೆ. ಪೆಟ್ಟಿಗೆಗೆ ಓವರ್‌ಫ್ಲೋ ಹಿಡನ್, ಜೊತೆಗೆ ಇಷ್ಟೇ ಪಿಕ್ಸೆಲ್ ಎತ್ತರ ಅಂತ ಗೂಟ ಹೊಡೆದಿತ್ತು. ಇಂಗ್ಲಿಷ್ ಸಾಲುಗಳು ಆ ಎತ್ತರದಲ್ಲಿ ಹಿಡಿಸ್ತಿದ್ದವು. ಕನ್ನಡದ ಸಾಲುಗಳು ಬೆಳೆದು ಬಟನ್ ಅನ್ನು ಪೆಟ್ಟಿಗೆಯಿಂದ ಹೊರಗೆ ದೂಡಿದವು, ಕತ್ತರಿ ಅದನ್ನು ಕಚಕ್ ಅಂತ ಕತ್ತರಿಸಿತ್ತು.

ಅವಳು ಇಂಗ್ಲಿಷ್ ಪುಟದಲ್ಲೇ ಎಲ್ಲ ಮತ್ತೆ ತುಂಬಿ ಕಳಿಸಿದಳು. ಆದರೆ ಕನ್ನಡ ಅಂತ ಒತ್ತಿ, ಬಟನ್ ಸಿಗದೆ, ತನಗೇ ಬರೋದಿಲ್ಲ ಅಂದುಕೊಂಡು ಫೋನ್ ಕೆಳಗಿಟ್ಟವರು ಎಷ್ಟು ಜನ ಇದ್ದಾರೋ. ಆ ಪುಟ ಕಟ್ಟಿದವರಿಗೆ ಕನ್ನಡದ ಮೇಲೆ ದ್ವೇಷ ಏನೂ ಇರಲಿಕ್ಕಿಲ್ಲ. ಕನ್ನಡದಲ್ಲಿ ಒಂದು ಸಲ ತೆರೆದು ನೋಡೋದನ್ನು ಬಿಟ್ಟಿದ್ದರು, ಅಷ್ಟೇ.

ಪರದೆ ಅಂಗೈಗೆ ಬಂತು

2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಒಂದು ಲೇಖನ ಬರೆದರು. ಫೋನಿಗೆ ಬೇರೆ ಪುಟ, ಕಂಪ್ಯೂಟರಿಗೆ ಬೇರೆ ಪುಟ ಬೇಡ, ಒಂದೇ ಪುಟ ಪರದೆ ನೋಡಿ ಹಿಗ್ಗಲಿ, ಕುಗ್ಗಲಿ ಅಂತ. ರೆಸ್ಪಾನ್ಸಿವ್ ಡಿಸೈನ್ ಅಂತ ನಾವು ಕರೆಯೋದು ಅದನ್ನೇ. ಅದರಲ್ಲೂ ಕಾಲಂ ಕಟ್ಟಿದ್ದು ಫ್ಲೋಟ್‌ನಿಂದಲೇ, ಪಿಕ್ಸೆಲ್ ಬದಲು ಶೇಕಡಾ ಲೆಕ್ಕದಲ್ಲಿ. 2011ರ ಆಗಸ್ಟಿನಲ್ಲಿ ಟ್ವಿಟರ್‌ನ ಇಬ್ಬರು ಬೂಟ್‌ಸ್ಟ್ರ್ಯಾಪ್ ಅನ್ನೋ ಸಿದ್ಧ ಸಾಮಾನು ಹೊರತಂದರು. ಅದರ ಒಡಲಲ್ಲೂ ಫ್ಲೋಟ್, ಅದರ ಬೆನ್ನಿಗೆ ಕ್ಲಿಯರ್‌ಫಿಕ್ಸ್. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡಕ್ಕೆ ಬೆಂಬಲ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಆಮೇಲೆ ಏನಾಯ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹೊಲದ ಬದುವಿನ ಮೇಲೂ ಕನ್ನಡ ಪುಟ ತೆರೆದುಕೊಂಡಿತು.

ಅಂಗೈ ಅಗಲದ ಪರದೆಯಲ್ಲಿ ಎರಡು ಕಾಲಂಗೇ ಜಾಗ ಇಲ್ಲ. ಹಾಗಾಗಿ ಪರದೆ ಚಿಕ್ಕದಾದಾಗ 'ಫ್ಲೋಟ್ ಬೇಡ' ಅಂತ ಹೇಳಿ ಎಲ್ಲವನ್ನೂ ಒಂದರ ಕೆಳಗೆ ಒಂದು ಇಡಬೇಕು. ಇಲ್ಲೂ ಒಂದು ಹಳೇ ಸಾಲ ಬಾಕಿ ಇತ್ತು. ಬಲಕ್ಕೆ ಫ್ಲೋಟ್ ಮಾಡೋ ಪಟ್ಟಿಯನ್ನು ಬರಹದಲ್ಲಿ ಸುದ್ದಿಗಿಂತ ಮೊದಲೇ ಬರೆದಿಡ್ತಿದ್ದರು, ಆಗ ಅದು ಸುದ್ದಿ ಪಕ್ಕ ಮೇಲಿನಿಂದಲೇ ಸರಿಯಾಗಿ ಕೂರ್ತಿತ್ತು. ಫೋನಿನಲ್ಲಿ ಫ್ಲೋಟ್ ತೆಗೆದಾಗ ಮೊದಲು ಬರೆದದ್ದು ಮೊದಲು ಬಂತು. ಜಾಹೀರಾತು, ಜಾಹೀರಾತು, ಮತ್ತೊಂದು ಜಾಹೀರಾತು, ಕೊನೆಗೆ ಸುದ್ದಿ.

ವಿಕಿಪೀಡಿಯದಲ್ಲಿ ನೀವೇ ಪರೀಕ್ಷೆ ಮಾಡಬಹುದು. ಕಂಪ್ಯೂಟರಿನಲ್ಲಿ ಲೇಖನದ ಬಲಕ್ಕೆ ಇರೋ ಮಾಹಿತಿ ಚೌಕ ಇದೆಯಲ್ಲ, ಅದು ಫ್ಲೋಟ್. ಒಂದು ಹಳ್ಳಿಯ ಬಗ್ಗೆ ನಾಲ್ಕೇ ಸಾಲು ಬರೆದು, ಮಾಹಿತಿ ಚೌಕ ಮಾತ್ರ ಉದ್ದ ಇದ್ದರೆ, ಚೌಕ ಕೆಳಗೆ ಇಳಿದು ಮುಂದಿನ ವಿಭಾಗಗಳ ಪಕ್ಕಕ್ಕೂ ಬರ್ತದೆ, ಅಲ್ಲಿನ ಚಿತ್ರಗಳನ್ನು ಇನ್ನೂ ಕೆಳಕ್ಕೆ ತಳ್ತದೆ. ಅದಕ್ಕೆ ಅಂತಲೇ ವಿಕಿಪೀಡಿಯದಲ್ಲಿ ಕ್ಲಿಯರ್ ಅನ್ನೋ ಟೆಂಪ್ಲೇಟ್ ಬಳಸ್ತಾರೆ. ಅದೇ ಲೇಖನ ಫೋನಿನಲ್ಲಿ ತೆಗೆದರೆ ಚೌಕ ಪೂರ್ತಿ ಅಗಲಕ್ಕೆ ಬಂದು ಕೂತಿರ್ತದೆ. ಫ್ಲೋಟ್ ಎಲ್ಲಿ ಬೇಕು, ಎಲ್ಲಿ ಬೇಡ ಅನ್ನೋದಕ್ಕೆ ಒಳ್ಳೆ ಉದಾಹರಣೆ.

ಭಾರ ಇಳಿಸಿದ ಮೇಲೆ

ಕೊನೆಗೂ ಪುಟ ಕಟ್ಟೋಕೇ ಅಂತ ಸಾಧನಗಳು ಬಂದವು. ಫ್ಲೆಕ್ಸ್‌ಬಾಕ್ಸ್‌ನ ಮೊದಲ ಕರಡು 2009ರದ್ದು, ಗಟ್ಟಿಯಾಗೋಕೆ ವರ್ಷಗಳು ಹಿಡಿದವು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರೂ ಒಂದೇ ತಿಂಗಳಲ್ಲಿ ಗ್ರಿಡ್ ತಂದವು. ಗ್ರಿಡ್‌ನಲ್ಲಿ ಒಂದು ಸಾಲಿನ ಚೌಕಗಳೆಲ್ಲ ತಾವಾಗೇ ಒಂದೇ ಎತ್ತರ ಆಗ್ತವೆ. ಮೂರು ಸಾಲಿನ ಶೀರ್ಷಿಕೆ ಬಂದರೆ ಪಕ್ಕದವೂ ಅದರ ಜೊತೆ ಬೆಳೀತವೆ. ಎಡವೋದಿಲ್ಲ, ಬೀಳೋದಿಲ್ಲ. 2018ರ ಜನವರಿಯಲ್ಲಿ ಬಂದ ನಾಲ್ಕನೇ ಬೂಟ್‌ಸ್ಟ್ರ್ಯಾಪ್ ತನ್ನ ಕಾಲಂಗಳನ್ನು ಫ್ಲೋಟ್‌ನಿಂದ ಫ್ಲೆಕ್ಸ್‌ಬಾಕ್ಸ್‌ಗೆ ದಾಟಿಸಿತು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ವಿದಾಯ ಹೇಳಿತು.

ಕುಸಿಯೋ ಪೆಟ್ಟಿಗೆಗೂ ನೇರ ಮದ್ದು ಬಂತು. 2017ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ 'ಡಿಸ್‌ಪ್ಲೇ ಫ್ಲೋ-ರೂಟ್' ತಂದವು. ಪೆಟ್ಟಿಗೆಗೆ ಆ ಒಂದು ಸಾಲು ಬರೆದರೆ, ಒಳಗಿನ ಫ್ಲೋಟ್‌ಗಳನ್ನೆಲ್ಲ ಅದು ಹಿಡಿದುಕೊಳ್ತದೆ. ಖಾಲಿ ತುಂಡು ಬೇಡ, ಮಂತ್ರ ಬೇಡ, ಕತ್ತರಿ ಬೇಡ. ನನಗಂತೂ ಅದನ್ನು ಬರೆದಾಗಲೆಲ್ಲ ಬಳ್ಳಾರಿ ಅಚ್ಚುಕೂಟದ ಕಬ್ಬಿಣದ ಚೌಕಟ್ಟೇ ನೆನಪಾಗೋದು. ಒಳಗಿರೋದನ್ನೆಲ್ಲ ಲೆಕ್ಕಕ್ಕೆ ತಗೊಳ್ಳೋ ಚೌಕಟ್ಟು.

ಹಾಗಾದರೆ ಫ್ಲೋಟ್ ಸತ್ತಿತಾ? ಇಲ್ಲ. ಅದು ತನ್ನ ಹಳೇ ಕೆಲಸಕ್ಕೆ ವಾಪಸ್ ಹೋಯ್ತು. ಲೇಖನದ ಪಕ್ಕ ಒಂದು ಫೋಟೊ, ಅದರ ಸುತ್ತ ಹರಿಯೋ ಅಕ್ಷರ. ಆ ಕೆಲಸಕ್ಕೆ ಇವತ್ತಿಗೂ ಅದೇ ಸರಿ. ಗ್ರಿಡ್ ಆಗಲಿ ಫ್ಲೆಕ್ಸ್‌ಬಾಕ್ಸ್ ಆಗಲಿ ಅಕ್ಷರವನ್ನು ಚಿತ್ರದ ಸುತ್ತ ಹರಿಸೋದಿಲ್ಲ.

ಕೇಳ್ತಿರೋರಲ್ಲಿ ಡಿಪ್ಲೊಮಾ, ಬಿಸಿಎ ಓದ್ತಾ ಮೊದಲ ಪುಟ ಕಟ್ಟೋರು ಇದ್ದೀರಿ ಅಂತ ಗೊತ್ತು. ನಿಮಗೆ ನಾಲ್ಕು ಮಾತು. ಕಾಲಂ ಬೇಕಾದರೆ ಗ್ರಿಡ್ ಇಲ್ಲಾ ಫ್ಲೆಕ್ಸ್ ಬಳಸ್ರಿ. ಹಳೇ ಪುಟ ತಿದ್ದೋ ಕೆಲಸ ಬಂದು ಅಲ್ಲಿ ಪೆಟ್ಟಿಗೆ ಕುಸಿದಿದ್ದರೆ ಫ್ಲೋ-ರೂಟ್ ಹಾಕ್ರಿ. ಅಕ್ಷರ ಇರೋ ಪೆಟ್ಟಿಗೆಗೆ ಎತ್ತರದ ಗೂಟ ಹೊಡೀಬೇಡ್ರಿ, ಕನಿಷ್ಠ ಎತ್ತರ ಮಾತ್ರ ಕೊಡ್ರಿ. ಉದ್ದ ಪದ ಹೊರಗೆ ಚಾಚಿದರೆ 'ಓವರ್‌ಫ್ಲೋ-ರ್ಯಾಪ್' ಅನ್ನೋ ಸಾಲು ಕೊನೇ ಉಪಾಯಕ್ಕೆ ಇದೆ, ಆದರೆ ಅದಕ್ಕಿಂತ ಮೊದಲು ಆ ಕಾಲಂಗೆ ಸ್ವಲ್ಪ ಅಗಲ ಕೊಡೋಕೆ ಆಗ್ತದಾ ನೋಡ್ರಿ.

ಪುಟ ಮುಗೀತು ಅನ್ನೋ ಮೊದಲು ಇನ್ನೊಂದೇ ಕೆಲಸ. ಅದರಲ್ಲಿರೋ ಇಂಗ್ಲಿಷ್ ತೆಗೆದು 'ಜಿಲ್ಲಾಧಿಕಾರಿಗಳೊಂದಿಗೆ', 'ರಾಷ್ಟ್ರೀಯ', 'ಅರ್ಜಿ ಸಲ್ಲಿಸಿ' ಇವನ್ನೆಲ್ಲ ತುಂಬಿ, ನಿಮ್ಮ ಮನೆಯಲ್ಲಿ ಇರೋದರಲ್ಲೇ ಚಿಕ್ಕ ಪರದೆಯ ಫೋನ್ ತಗೊಂಡು ತೆರೀರಿ. ಬಟನ್ ಕಾಣ್ತದಾ? ಒತ್ತಿದರೆ ಹೋಗ್ತದಾ? ಹೋದರೆ ಪುಟ ಮುಗೀತು.

ಇವತ್ತಿಗೆ ಇಷ್ಟು. ನಿಮ್ಮ ಫೋನಿನಲ್ಲಿ ಬಿದ್ದುಹೋದ ಕನ್ನಡ ಪುಟ ಸಿಕ್ಕರೆ ಒಂದು ಸ್ಕ್ರೀನ್‌ಶಾಟ್ ತೆಗೆದು ಆ ಪುಟದವರಿಗೇ ಕಳಿಸ್ರಿ, ಯಾವ ಫೋನು, ಯಾವ ಬ್ರೌಸರು ಅಂತಲೂ ಬರೀರಿ. ತಿದ್ದೋರಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.